ಹಿಸ್ಸೆ ಮಾಡುವ ಲೆಕ್ಕ: ಯೋಹಾನ್ ಬರ್ನೌಲಿಯವರ ಜೀವನ

ನಮ್ಮ ಎರಡನೇ ಪಿಯುಸಿ ಬೇಸಿಕ್ ಮ್ಯಾಥ್ಸ್‌ನಲ್ಲಿ ಪಾರ್ಶಿಯಲ್ ಫ್ರಾಕ್ಷನ್ಸ್ ಎಂಬ ಪಾಠ ಇದೆ. ಕನ್ನಡದಲ್ಲಿ ಇದಕ್ಕೆ ಆಂಶಿಕ ಭಿನ್ನರಾಶಿಗಳು ಎನ್ನುತ್ತಾರೆ. ಈ ಪಾಠ ಶುರುವಾದ ದಿನ ನಮ್ಮ ಕಾಮರ್ಸ್ ತರಗತಿಯ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. ಅಂಗಡಿ ಲೆಕ್ಕ, ಬ್ಯಾಂಕ್ ಲೆಕ್ಕ ಕಲಿಯಲು ಬಂದ ನಮಗೆ ಇದು ಯಾಕೆ ಬೇಕು, ಇದನ್ನು ಯಾರು ಕಂಡುಹಿಡಿದರು ಎಂದು. ಎಲ್ಲರೂ ನಕ್ಕರು. ಮೇಡಂ ಮಾತ್ರ ನಗಲಿಲ್ಲ. ಮೊದಲನೆಯದಕ್ಕೆ ಉತ್ತರ ಪಾಠ ಮುಗಿಯುವಷ್ಟರಲ್ಲಿ ತಿಳಿಯುತ್ತದೆ, ಎರಡನೆಯದನ್ನು ಕೇಳಿದವರೇ ಲೈಬ್ರರಿಯಲ್ಲಿ ಹುಡುಕಿಕೊಂಡು ಬರಲಿ ಎಂದರು. ಕೇಳಿದವನು ನಾನೇ. ಆದ್ದರಿಂದ ಹುಡುಕುವ ಕೆಲಸವೂ ನನ್ನ ಪಾಲಿಗೆ ಬಂತು.

ಹುಡುಕಿದಾಗ ಸಿಕ್ಕಿದ ವ್ಯಕ್ತಿ ಒಬ್ಬ ಮಸಾಲೆ ವ್ಯಾಪಾರಿಯ ಮಗ. ಅಪ್ಪನ ಅಂಗಡಿಯಲ್ಲಿ ಕೂರಲು ಒಪ್ಪದೆ ಗಣಿತಕ್ಕೆ ಹೋದವರು. ನಮ್ಮ ಅಬ್ಬಾ ಅವರದ್ದೂ ಕಿರಾಣಿ ಅಂಗಡಿ. ಮೆಣಸಿನಕಾಯಿ, ಧನಿಯಾ, ಲವಂಗದ ವಾಸನೆಯಲ್ಲೇ ನಾನು ಬೆಳೆದದ್ದು. ಹಾಗಾಗಿ ಇವರ ಕಥೆಯನ್ನು ಪೂರ್ತಿ ಓದದೆ ಬಿಡಲು ಆಗಲಿಲ್ಲ.

ಮೊದಲು ಈ ಲೆಕ್ಕ ಏನು ಎಂದು ಎರಡು ಮಾತು. ನಮ್ಮ ಮನೆಯ ಉರ್ದುವಿನಲ್ಲಿ ಪಾಲಿಗೆ ಹಿಸ್ಸಾ ಎನ್ನುತ್ತೇವೆ. ಕನ್ನಡದಲ್ಲೂ ಈ ಪದ ಇದೆ. ಜಮೀನಿನ ಪಹಣಿಯಲ್ಲಿ ಸರ್ವೆ ನಂಬರಿನ ಪಕ್ಕದಲ್ಲೇ ಹಿಸ್ಸಾ ನಂಬರ್ ಇರುತ್ತದೆ. ಒಂದು ದೊಡ್ಡ ಹೊಲ ಯಾವ ಯಾವ ಪಾಲುಗಳು ಸೇರಿ ಆಗಿದೆ ಎಂದು ಅದರಿಂದ ಗೊತ್ತಾಗುತ್ತದೆ. ಭಿನ್ನರಾಶಿಯಲ್ಲೂ ಹೀಗೆಯೇ. 1/2 ಮತ್ತು 1/3 ಕೂಡಿದರೆ 5/6 ಬರುತ್ತದೆ. ಇದನ್ನು ಏಳನೇ ತರಗತಿಯ ಮಗುವೂ ಮಾಡುತ್ತದೆ. ಆದರೆ 5/6 ಮಾತ್ರ ಕೈಗೆ ಕೊಟ್ಟು, ಇದು ಯಾವ ಪಾಲುಗಳಿಂದ ಬಂತು ಹೇಳು ಎಂದರೆ ಸ್ವಲ್ಪ ಯೋಚಿಸಬೇಕು. ಕೂಡಿಸಿದ್ದನ್ನು ಮತ್ತೆ ಬಿಡಿಸಿ ಅದರ ಹಿಸ್ಸೆಗಳನ್ನು ಹೊರತೆಗೆಯುವುದೇ ಆಂಶಿಕ ಭಿನ್ನರಾಶಿಯ ಲೆಕ್ಕ.

ಇದನ್ನು ಅನುಕಲನಕ್ಕೆ, ಅಂದರೆ ಇಂಟಿಗ್ರೇಶನ್‌ಗೆ, ಮೊದಲು ಬಳಸಿ ತೋರಿಸಿದವರು ಇಬ್ಬರು. ಒಬ್ಬರು ಜರ್ಮನಿಯ ಲೈಬ್ನಿಟ್ಸ್. ಇನ್ನೊಬ್ಬರು ಸ್ವಿಟ್ಜರ್ಲೆಂಡಿನ ಯೋಹಾನ್ ಬರ್ನೌಲಿ. ಇಬ್ಬರೂ 1702ರಲ್ಲಿ ಇದನ್ನು ಪ್ರಕಟಿಸಿದರು. ನಾನು ಬರೆಯುತ್ತಿರುವುದು ಬರ್ನೌಲಿಯವರ ಬಗ್ಗೆ.

ಯೋಹಾನ್ ಬರ್ನೌಲಿ 1667ರಲ್ಲಿ ಬಾಸೆಲ್ ನಗರದಲ್ಲಿ ಜನಿಸಿದರು. ತಂದೆ ನಿಕೋಲಸ್, ತಾಯಿ ಮಾರ್ಗರೆಟಾ. ಯೋಹಾನ್ ಅವರ ಹತ್ತನೇ ಮಗು. ಈ ಕುಟುಂಬದ ಮೂಲ ಊರು ಬಾಸೆಲ್ ಅಲ್ಲ, ಆಂಟ್ವರ್ಪ್. ಅಲ್ಲಿ ಸ್ಪೇನ್ ದೇಶದ ಆಡಳಿತ ಇದ್ದಾಗ ಪ್ರಾಟೆಸ್ಟೆಂಟರಿಗೆ ಬದುಕುವುದು ಕಷ್ಟವಾಗಿತ್ತು. ಆಗ ಇವರ ಹಿರಿಯರು ಊರು ಬಿಟ್ಟು ಫ್ರಾಂಕ್‌ಫರ್ಟ್‌ಗೆ ಹೋದರು, ಅಲ್ಲಿಂದ ಬಾಸೆಲ್‌ಗೆ ಬಂದು ನೆಲೆಸಿದರು. ಹೊಸ ಊರಿನಲ್ಲಿ ಅವರನ್ನು ಕಾಪಾಡಿದ್ದು ವ್ಯಾಪಾರ. ಇಂಥ ಮನೆಯಲ್ಲಿ ಅಪ್ಪನಿಗೆ ವ್ಯಾಪಾರದ ಮೇಲೆ ಎಷ್ಟು ನಂಬಿಕೆ ಇರುತ್ತದೆ ಎಂದು ನಮ್ಮಲ್ಲಿ ಅನೇಕರಿಗೆ ಹೇಳಬೇಕಾಗಿಲ್ಲ.

ನಿಕೋಲಸ್ ಅವರ ಹಿರಿಯ ಮಗ ಯಾಕೋಬ್. ಅವರು ಯೋಹಾನ್‌ಗಿಂತ ಹನ್ನೆರಡು ವರ್ಷ ದೊಡ್ಡವರು. ಅವರನ್ನು ತಂದೆ ಧರ್ಮಶಾಸ್ತ್ರ ಓದಲು ಹಾಕಿದರು. ಯಾಕೋಬ್ ಆ ಪದವಿ ಮುಗಿಸಿದರು, ಆದರೆ ಪಕ್ಕದಲ್ಲೇ ತಂದೆಯ ಇಷ್ಟಕ್ಕೆ ವಿರುದ್ಧವಾಗಿ ಗಣಿತ ಮತ್ತು ಖಗೋಳ ಓದಿದರು. ಹೀಗಾಗಿ ವ್ಯಾಪಾರ ನೋಡಿಕೊಳ್ಳುವ ಜವಾಬ್ದಾರಿ ಯೋಹಾನ್ ಮೇಲೆ ಬಂತು. 1682ರಲ್ಲಿ, ಹದಿನೈದನೇ ವಯಸ್ಸಿನಲ್ಲಿ, ಅವರನ್ನು ಮಸಾಲೆ ವ್ಯಾಪಾರಕ್ಕೆ ಕೂರಿಸಿದರು. ಒಂದು ವರ್ಷ ಕೆಲಸ ಮಾಡಿದರು. ಮನಸ್ಸು ಅಂಟಲಿಲ್ಲ, ಕೆಲಸವೂ ಚೆನ್ನಾಗಿ ಆಗಲಿಲ್ಲ. ಕೊನೆಗೆ ತಂದೆ ಸೋತು, ಹಾಗಾದರೆ ವೈದ್ಯಕೀಯವಾದರೂ ಓದಲಿ ಎಂದು ಒಪ್ಪಿದರು. 1683ರಲ್ಲಿ ಯೋಹಾನ್ ಬಾಸೆಲ್ ವಿಶ್ವವಿದ್ಯಾಲಯ ಸೇರಿದರು.

ಕಾಗದದ ಮೇಲೆ ಅವರು ವೈದ್ಯಕೀಯ ವಿದ್ಯಾರ್ಥಿ. ಆದರೆ ಅದೇ ಊರಿನಲ್ಲಿ ಅಣ್ಣ ಯಾಕೋಬ್ ಪಾಠ ಹೇಳುತ್ತಿದ್ದರು. 1687ರಲ್ಲಿ ಯಾಕೋಬ್ ಅಲ್ಲಿಯೇ ಗಣಿತದ ಪ್ರೊಫೆಸರ್ ಆದರು. ತಮ್ಮ ಅಣ್ಣನ ಹತ್ತಿರ ಗಣಿತ ಕಲಿತರು. ಇದು ಈ ಕಥೆಯ ಮುಖ್ಯ ವಿಷಯ. ಯೋಹಾನ್ ಬರ್ನೌಲಿಗೆ ಗಣಿತದ ಬಾಗಿಲು ತೆರೆದದ್ದು ಅವರ ಅಣ್ಣ.

ಆ ಕಾಲದಲ್ಲಿ ಕ್ಯಾಲ್ಕುಲಸ್ ಇನ್ನೂ ಎಳೆಯ ಮಗು. ಲೈಬ್ನಿಟ್ಸ್ 1684ರಲ್ಲಿ ಲೈಪ್‌ಜಿಗ್‌ನ ಒಂದು ಪತ್ರಿಕೆಯಲ್ಲಿ ಅದರ ಬಗ್ಗೆ ಆರು ಪುಟದ ಲೇಖನ ಬರೆದಿದ್ದರು. ಅದು ತುಂಬಾ ಚಿಕ್ಕದು, ತುಂಬಾ ಕಷ್ಟ, ಅಚ್ಚಿನ ತಪ್ಪುಗಳೂ ಇದ್ದವು. ಓದಿದವರಲ್ಲಿ ಹೆಚ್ಚಿನವರಿಗೆ ಅರ್ಥವಾಗಲಿಲ್ಲ. ಯಾಕೋಬ್ 1687ರಲ್ಲಿ ವಿವರಣೆ ಕೇಳಿ ಲೈಬ್ನಿಟ್ಸ್‌ಗೆ ಪತ್ರ ಬರೆದರು. ಲೈಬ್ನಿಟ್ಸ್ ಪ್ರವಾಸದಲ್ಲಿದ್ದರು. ಉತ್ತರ ಬಂದದ್ದು 1690ರಲ್ಲಿ. ಅಷ್ಟರಲ್ಲಿ ಅಣ್ಣ ತಮ್ಮ ಇಬ್ಬರೂ ಕೂತು ತಾವೇ ಅದನ್ನು ಅರ್ಥ ಮಾಡಿಕೊಂಡಿದ್ದರು. ನಾವು ಇಂದು ಬಳಸುವ ಇಂಟಿಗ್ರಲ್ ಎಂಬ ಪದವನ್ನು ಮೊದಲ ಬಾರಿಗೆ ಅಚ್ಚಿನಲ್ಲಿ ಬಳಸಿದ್ದು ಯಾಕೋಬ್, 1690ರಲ್ಲಿ.

ಇಬ್ಬರ ನಡುವೆ ಸ್ಪರ್ಧೆ ಶುರುವಾದದ್ದೂ ಆ ಸಮಯದಲ್ಲೇ. ಎರಡು ಮೊಳೆಗಳ ನಡುವೆ ಒಂದು ಸರಪಳಿಯನ್ನು ಸಡಿಲವಾಗಿ ಕಟ್ಟಿದರೆ ಅದು ಯಾವ ವಕ್ರರೇಖೆಯ ಆಕಾರದಲ್ಲಿ ತೂಗುತ್ತದೆ ಎಂದು 1690ರಲ್ಲಿ ಯಾಕೋಬ್ ಎಲ್ಲರಿಗೂ ಸವಾಲು ಹಾಕಿದರು. ನೋಡಿದರೆ ಪ್ಯಾರಾಬೋಲಾ ತರಹ ಕಾಣುತ್ತದೆ. ಆದರೆ ಅಲ್ಲ. ಪ್ಯಾರಾಬೋಲಾ ಅಲ್ಲ ಎಂದು ಹಾಲೆಂಡಿನ ಹೈಗೆನ್ಸ್ ತಮ್ಮ ಹದಿನೇಳನೇ ವಯಸ್ಸಿನಲ್ಲೇ ತೋರಿಸಿದ್ದರು. ನಮ್ಮ ವಯಸ್ಸು! ಹಾಗಾದರೆ ಅದು ಏನು ಎಂಬುದಕ್ಕೆ 1691ರಲ್ಲಿ ಮೂರು ಜನರ ಉತ್ತರ ಪ್ರಕಟವಾಯಿತು. ಹೈಗೆನ್ಸ್, ಲೈಬ್ನಿಟ್ಸ್ ಮತ್ತು ಯೋಹಾನ್. ಸವಾಲು ಹಾಕಿದ ಅಣ್ಣನ ಉತ್ತರ ಅದರಲ್ಲಿ ಇರಲಿಲ್ಲ. ಯೋಹಾನ್ ಇದನ್ನು ಮರೆಯಲಿಲ್ಲ. ಅಣ್ಣ ತೀರಿಹೋಗಿ ಹತ್ತು ವರ್ಷ ಕಳೆದ ಮೇಲೂ, ತಾನು ಒಂದು ರಾತ್ರಿ ನಿದ್ದೆಗೆಟ್ಟು ಅದನ್ನು ಬಿಡಿಸಿದ ಬಗ್ಗೆ ಒಬ್ಬ ಗೆಳೆಯರಿಗೆ ಹೆಮ್ಮೆಯಿಂದ ಪತ್ರ ಬರೆದರು.

1691ರ ಕೊನೆಯಲ್ಲಿ ಯೋಹಾನ್ ಪ್ಯಾರಿಸ್‌ಗೆ ಹೋದರು. ಆಗ ಅವರಿಗೆ 24 ವರ್ಷ. ಅಲ್ಲಿ ಲೋಪಿತಾಲ್ ಎಂಬ ಶ್ರೀಮಂತ ಮಾರ್ಕ್ವಿಸ್ ಅವರಿಗೆ ಶಿಷ್ಯರಾದರು. ಹಣ ಕೊಟ್ಟು ಕ್ಯಾಲ್ಕುಲಸ್ ಹೇಳಿಸಿಕೊಂಡರು. ಯೋಹಾನ್ ಅವಕಲನ ಮತ್ತು ಅನುಕಲನ ಎರಡರ ಪಾಠಗಳನ್ನೂ ಬರೆದು ಕೊಟ್ಟರು. ಅವರು ಬಾಸೆಲ್‌ಗೆ ವಾಪಸ್ ಬಂದ ಮೇಲೆ, 1694ರಲ್ಲಿ, ಲೋಪಿತಾಲ್ ಒಂದು ಒಪ್ಪಂದ ಕಳಿಸಿದರು. ವರ್ಷಕ್ಕೆ 300 ಲಿವ್ರ್ ಹಣ ಕೊಡುವುದು, ಅದಕ್ಕೆ ಬದಲಾಗಿ ಯೋಹಾನ್ ತಮ್ಮ ಹೊಸ ಸಂಶೋಧನೆಗಳನ್ನು ತನಗೆ ತಿಳಿಸುವುದು, ಬೇರೆಯವರಿಗೆ ಹೇಳದೇ ಇರುವುದು. ಯೋಹಾನ್‌ಗೆ ಆಗ ಕೆಲಸ ಇರಲಿಲ್ಲ. ಅದೇ ವರ್ಷ ಡೊರೊತಿಯಾ ಫಾಲ್ಕ್ನರ್ ಅವರೊಂದಿಗೆ ಮದುವೆಯೂ ಆಯಿತು. ಅವರು ಒಪ್ಪಿಕೊಂಡರು.

ಕಾಮರ್ಸ್ ವಿದ್ಯಾರ್ಥಿಗಳಾದ ನಾವು ಇದನ್ನು ಹೀಗೆ ನೋಡಬಹುದು. ಮಸಾಲೆ ಮಾರಲು ಒಪ್ಪದ ಹುಡುಗ ಕೊನೆಗೆ ತನ್ನ ಬುದ್ಧಿಯನ್ನೇ ಮಾರಬೇಕಾಯಿತು. ಒಪ್ಪಂದಕ್ಕೆ ಇಬ್ಬರ ಒಪ್ಪಿಗೆಯೂ ಇತ್ತು, ಹಣವೂ ಸಂದಾಯವಾಯಿತು. ಆದರೆ 1696ರಲ್ಲಿ ಲೋಪಿತಾಲ್ ಅವಕಲನದ ಮೊದಲ ಪಠ್ಯಪುಸ್ತಕ ಪ್ರಕಟಿಸಿದರು. ಮುನ್ನುಡಿಯಲ್ಲಿ ಬರ್ನೌಲಿ ಸಹೋದರರ ಋಣ, ಅದರಲ್ಲೂ ಯೋಹಾನ್ ಅವರ ಋಣ, ನೆನೆದಿದ್ದರು. ಆದರೆ ಯಾವುದು ಯಾರದ್ದು ಎಂದು ಬಿಡಿಸಿ ಹೇಳಿರಲಿಲ್ಲ. ಮೇಲೂ ಸೊನ್ನೆ ಕೆಳಗೂ ಸೊನ್ನೆ ಬಂದಾಗ ಏನು ಮಾಡಬೇಕು ಎಂಬ ನಿಯಮ ಯೋಹಾನ್ ಅವರದ್ದು. ಇಂದಿಗೂ ಅದನ್ನು ಲೋಪಿತಾಲ್ ನಿಯಮ ಎಂದೇ ಕರೆಯುತ್ತಾರೆ. 1704ರಲ್ಲಿ ಲೋಪಿತಾಲ್ ತೀರಿಹೋದ ಮೇಲೆ ಯೋಹಾನ್ ಅದು ತಮ್ಮದೆಂದು ಹೇಳಿದರು. ಅಷ್ಟರಲ್ಲಿ ಅವರ ಜಗಳಗಂಟ ಸ್ವಭಾವ ಎಲ್ಲರಿಗೂ ಗೊತ್ತಾಗಿತ್ತು. ಅನೇಕರು ನಂಬಲಿಲ್ಲ. 1920ರ ದಶಕದಲ್ಲಿ ಅವರ ಹಳೆಯ ಪಾಠಗಳ ಹಸ್ತಪ್ರತಿ ಬೆಳಕಿಗೆ ಬಂತು, 1955ರಲ್ಲಿ ಪತ್ರಗಳು ಅಚ್ಚಾದವು. ಆಗ ಅವರು ಹೇಳಿದ್ದು ನಿಜ ಎಂದು ಗೊತ್ತಾಯಿತು. ಇನ್ನೂರಕ್ಕೂ ಹೆಚ್ಚು ವರ್ಷ ತಡವಾಗಿ.

1695ರಲ್ಲಿ ಯೋಹಾನ್‌ಗೆ ಹಾಲೆಂಡಿನ ಗ್ರೋನಿಂಗನ್ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರೊಫೆಸರ್ ಹುದ್ದೆ ಸಿಕ್ಕಿತು. ಮರುವರ್ಷ ಅವರು ಯುರೋಪಿನ ಎಲ್ಲ ಗಣಿತಜ್ಞರಿಗೆ ಒಂದು ಸವಾಲು ಹಾಕಿದರು. ಮೇಲಿನ ಒಂದು ಬಿಂದುವಿನಿಂದ ಓರೆಯಾಗಿ ಕೆಳಗಿರುವ ಇನ್ನೊಂದು ಬಿಂದುವಿಗೆ ಒಂದು ಮಣಿ ಅತಿ ಕಡಿಮೆ ಸಮಯದಲ್ಲಿ ಜಾರಿ ಬರಬೇಕಾದರೆ ದಾರಿ ಯಾವ ಆಕಾರದಲ್ಲಿರಬೇಕು? ನೇರ ದಾರಿ ಹತ್ತಿರದ್ದು, ಆದರೆ ಬೇಗದ್ದಲ್ಲ. ಉತ್ತರ ಸೈಕ್ಲಾಯ್ಡ್ ಎಂಬ ವಕ್ರರೇಖೆ. ಲಂಡನ್ನಿನಲ್ಲಿ ನ್ಯೂಟನ್ ಇದನ್ನು ಒಂದೇ ರಾತ್ರಿಯಲ್ಲಿ ಬಿಡಿಸಿ ಹೆಸರು ಹಾಕದೆ ಪ್ರಕಟಿಸಿದರು. ಉತ್ತರದ ರೀತಿ ನೋಡಿಯೇ ಯೋಹಾನ್ ಅದು ನ್ಯೂಟನ್ ಅವರದ್ದೆಂದು ಗುರುತಿಸಿದರು. ಲೈಬ್ನಿಟ್ಸ್, ಲೋಪಿತಾಲ್ ಉತ್ತರಿಸಿದರು. ಅಣ್ಣ ಯಾಕೋಬ್ ಕೂಡ ಉತ್ತರಿಸಿದರು, ಜೊತೆಗೆ ತಮ್ಮನಿಗೆ ಇನ್ನೂ ಕಷ್ಟದ ಮರುಸವಾಲು ಹಾಕಿದರು. ಯೋಹಾನ್ ಅವಸರದಲ್ಲಿ ಕೊಟ್ಟ ಉತ್ತರದಲ್ಲಿ ತಪ್ಪಿತ್ತು, ಯಾಕೋಬ್ ಅದನ್ನು ಎಲ್ಲರ ಮುಂದೆ ಎತ್ತಿ ತೋರಿಸಿದರು. ಪತ್ರಿಕೆಗಳ ಪುಟಗಳಲ್ಲೇ ಅಣ್ಣ ತಮ್ಮ ಕಿತ್ತಾಡಿದರು. ಒಟ್ಟಿಗೆ ಕೂತು ಆರು ಪುಟ ಅರ್ಥ ಮಾಡಿಕೊಂಡ ಇಬ್ಬರು ಹೀಗಾದರು.

ಈಗ ನಮ್ಮ ಪಾಠಕ್ಕೆ ಬರೋಣ. ವರ್ಷ 1702, ಊರು ಗ್ರೋನಿಂಗನ್. ಆ ಕಾಲದಲ್ಲಿ ಅನುಕಲನ ಎಂದರೆ ಪ್ರತಿ ಲೆಕ್ಕಕ್ಕೂ ಹೊಸ ಉಪಾಯ ಹುಡುಕಬೇಕಿತ್ತು. ಮೇಲೆ ಒಂದು ಬಹುಪದೋಕ್ತಿ, ಕೆಳಗೆ ಒಂದು ಬಹುಪದೋಕ್ತಿ ಇರುವ ಭಿನ್ನರಾಶಿಗೆ ರ್‍ಯಾಷನಲ್ ಫಂಕ್ಷನ್ ಎನ್ನುತ್ತಾರೆ. ಇಂಥವು ಎಲ್ಲ ಕಡೆ ಬರುತ್ತಿದ್ದವು. ಯೋಹಾನ್ ಪ್ಯಾರಿಸ್ ಅಕಾಡೆಮಿಯ ಸಂಪುಟದಲ್ಲಿ ಒಂದು ಲೇಖನ ಬರೆದು, ಇಂಥ ಎಲ್ಲಕ್ಕೂ ಒಂದೇ ದಾರಿ ಇದೆ ಎಂದು ತೋರಿಸಿದರು. ಕೆಳಗಿನ ಛೇದವನ್ನು ಅಪವರ್ತಿಸಿ, ಒಂದೊಂದು ಅಪವರ್ತನಕ್ಕೂ ಒಂದೊಂದು ಹಿಸ್ಸೆ ಕೊಡಿ, ಆಮೇಲೆ ಹಿಸ್ಸೆಗಳನ್ನು ಬೇರೆ ಬೇರೆಯಾಗಿ ಅನುಕಲಿಸಿ. ಇಷ್ಟೇ.

ಒಂದು ಉದಾಹರಣೆ. (5ಎಕ್ಸ್ + 7) ಎಂಬುದನ್ನು (ಎಕ್ಸ್ + 1)(ಎಕ್ಸ್ + 2) ಎಂಬುದರಿಂದ ಭಾಗಿಸಿದೆ ಎಂದುಕೊಳ್ಳಿ. ಇದನ್ನು ಹೀಗೆಯೇ ಅನುಕಲಿಸಲು ಹೋದರೆ ದಾರಿ ಕಾಣುವುದಿಲ್ಲ. ಎರಡು ಹಿಸ್ಸೆ ಮಾಡಬೇಕು. ಒಂದರ ಕೆಳಗೆ (ಎಕ್ಸ್ + 1), ಇನ್ನೊಂದರ ಕೆಳಗೆ (ಎಕ್ಸ್ + 2). ಮೇಲೆ ಬರುವ ಸಂಖ್ಯೆಗಳು ಯಾವುವು? (ಎಕ್ಸ್ + 1) ಸೊನ್ನೆ ಆಗುವುದು ಎಕ್ಸ್ ಬೆಲೆ −1 ಆದಾಗ. ಆ ಅಪವರ್ತನವನ್ನು ಕೈಯಿಂದ ಮುಚ್ಚಿ, ಉಳಿದ ಕಡೆ −1 ಹಾಕಿ. ಮೇಲೆ 2, ಕೆಳಗೆ 1. ಆದ್ದರಿಂದ ಮೊದಲ ಹಿಸ್ಸೆಯ ಸಂಖ್ಯೆ 2. ಹಾಗೆಯೇ (ಎಕ್ಸ್ + 2) ಮುಚ್ಚಿ −2 ಹಾಕಿದರೆ ಮೇಲೆ −3, ಕೆಳಗೆ −1. ಎರಡನೇ ಹಿಸ್ಸೆಯ ಸಂಖ್ಯೆ 3. ಅಂದರೆ ನಮ್ಮ ಭಿನ್ನರಾಶಿ 2/(ಎಕ್ಸ್ + 1) ಮತ್ತು 3/(ಎಕ್ಸ್ + 2) ಇವೆರಡರ ಮೊತ್ತ. ಕೂಡಿ ನೋಡಿ, ಸರಿಯಾಗಿ 5ಎಕ್ಸ್ + 7 ಬರುತ್ತದೆ. ಇನ್ನು ಅನುಕಲನ ಒಂದೇ ಸಾಲು. ಎರಡು ಪಟ್ಟು ಲಾಗ್ (ಎಕ್ಸ್ + 1), ಮೂರು ಪಟ್ಟು ಲಾಗ್ (ಎಕ್ಸ್ + 2), ಕೊನೆಯಲ್ಲಿ ಒಂದು ಸ್ಥಿರಾಂಕ. ಒಂದು ಎಚ್ಚರ ಮಾತ್ರ ಬೇಕು. ಮೇಲಿನ ಬಹುಪದೋಕ್ತಿಯ ಘಾತ ಕೆಳಗಿನದ್ದಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಮೊದಲು ಭಾಗಾಕಾರ ಮಾಡಿ, ಉಳಿದ ಶೇಷವನ್ನು ಹಿಸ್ಸೆ ಮಾಡಬೇಕು.

ಈ ವಿಚಾರದ ಬೀಜ ಲೈಬ್ನಿಟ್ಸ್ ಅವರ ಯೌವನದಲ್ಲೇ ಇತ್ತು. 1672ರಲ್ಲಿ ಹೈಗೆನ್ಸ್ ಅವರು 1, 1/3, 1/6, 1/10 ಹೀಗೆ ಮುಗಿಯದೆ ಹೋಗುವ ಸರಣಿಯನ್ನು ಕೂಡಲು ಲೈಬ್ನಿಟ್ಸ್‌ಗೆ ಹೇಳಿದ್ದರು. ಲೈಬ್ನಿಟ್ಸ್ ಪ್ರತಿಯೊಂದನ್ನೂ ಎರಡು ಭಿನ್ನರಾಶಿಗಳ ವ್ಯತ್ಯಾಸವಾಗಿ ಬಿಡಿಸಿದರು. 1/3 ಎಂದರೆ 1ರಲ್ಲಿ 2/3 ಕಳೆದದ್ದು, 1/6 ಎಂದರೆ 2/3ರಲ್ಲಿ 1/2 ಕಳೆದದ್ದು. ಹೀಗೆ ಬರೆದರೆ ಮಧ್ಯದ್ದೆಲ್ಲ ಜಮಾ ಖರ್ಚು ಆಗಿ ಹೋಗುತ್ತದೆ. ಉಳಿಯುವುದು 2. ಬಿಡಿಸಿದರೆ ಸುಲಭವಾಗುತ್ತದೆ ಎಂಬ ಪಾಠ ಅಲ್ಲೇ ಇದೆ.

ಆದರೆ 1702ರಲ್ಲಿ ಲೈಬ್ನಿಟ್ಸ್ ಅವರೇ ಒಂದು ಕಡೆ ಎಡವಿದರು. ಛೇದ ಬಿಡಿಸಲು ಬಂದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. (ಎಕ್ಸ್ ವರ್ಗ + 1) ಬಿಡಿಸಲು ಬರುವುದಿಲ್ಲ, ಆದರೂ ಅದರ ಅನುಕಲನ ಗೊತ್ತಿದೆ, ಅದು ವೃತ್ತಕ್ಕೆ ಸಂಬಂಧಿಸಿದ ಕೋನವನ್ನು ಕೊಡುತ್ತದೆ. ಹಾಗಾದರೆ ನಾಲ್ಕನೇ ಘಾತದ ಛೇದ ಬಂದರೆ? ಎಕ್ಸ್‌ನ ನಾಲ್ಕನೇ ಘಾತಕ್ಕೆ ಒಂದು ಧನ ಸಂಖ್ಯೆ ಕೂಡಿದರೆ ಅದನ್ನು ವಾಸ್ತವ ಸಂಖ್ಯೆಗಳಿಂದ ಬಿಡಿಸಲು ಆಗುವುದಿಲ್ಲ, ಅದಕ್ಕೆ ಬೇರೆಯೇ ಹೊಸ ಫಂಕ್ಷನ್ ಬೇಕು ಎಂದು ಲೈಬ್ನಿಟ್ಸ್ ಭಾವಿಸಿದರು. ಇದು ತಪ್ಪು. ಬಿಡಿಸಲು ಬರುತ್ತದೆ ಎಂದು 1719ರಲ್ಲಿ ತೋರಿಸಿದವರು ಯೋಹಾನ್ ಅವರ ಇನ್ನೊಬ್ಬ ಸಹೋದರನ ಮಗ, ಅಂದರೆ ಭತೀಜಾ, ನಿಕೋಲಸ್ ಬರ್ನೌಲಿ. ನೀವೂ ಪರೀಕ್ಷಿಸಿ. ಎಕ್ಸ್‌ನ ನಾಲ್ಕನೇ ಘಾತಕ್ಕೆ 4 ಕೂಡಿದರೆ ಅದು (ಎಕ್ಸ್ ವರ್ಗ + 2ಎಕ್ಸ್ + 2) ಮತ್ತು (ಎಕ್ಸ್ ವರ್ಗ − 2ಎಕ್ಸ್ + 2) ಇವುಗಳ ಗುಣಲಬ್ಧ. ಎಕ್ಸ್ ಬೆಲೆ 3 ಆದರೆ ಒಂದು ಕಡೆ 81 + 4 = 85, ಇನ್ನೊಂದು ಕಡೆ 17 × 5 = 85. ಲೈಬ್ನಿಟ್ಸ್ ಅಂಥವರಿಗೇ ಇದು ಕಾಣಲಿಲ್ಲ ಎಂದು ಓದಿದಾಗ ಪರೀಕ್ಷೆಯಲ್ಲಿ ತಪ್ಪು ಮಾಡಿದ ನನಗೆ ಸ್ವಲ್ಪ ಧೈರ್ಯ ಬಂತು. ಯಾವ ಬಹುಪದೋಕ್ತಿಯನ್ನೇ ಆಗಲಿ ಒಂದನೇ ಮತ್ತು ಎರಡನೇ ಘಾತದ ತುಂಡುಗಳಾಗಿ ಬಿಡಿಸಬಹುದು ಎಂಬುದಕ್ಕೆ 1799ರಲ್ಲಿ ಗೌಸ್ ತಮ್ಮ ಪ್ರಬಂಧದಲ್ಲಿ ಸಾಧನೆ ಕೊಟ್ಟರು. ಅಂದರೆ 1702ರ ಆ ದಾರಿ ಎಲ್ಲಿಯೂ ಮುಚ್ಚಿಹೋಗುವುದಿಲ್ಲ.

1705ರಲ್ಲಿ ಯೋಹಾನ್ ಕುಟುಂಬದೊಂದಿಗೆ ಬಾಸೆಲ್‌ಗೆ ಹೊರಟರು. ದಾರಿಯಲ್ಲೇ ಅವರಿಗೆ ಸುದ್ದಿ ಬಂತು. ಅಣ್ಣ ಯಾಕೋಬ್ ಕ್ಷಯರೋಗದಿಂದ ತೀರಿಹೋಗಿದ್ದರು. ಇಬ್ಬರೂ ಮತ್ತೆ ಒಂದು ಕೋಣೆಯಲ್ಲಿ ಕೂರಲಿಲ್ಲ, ರಾಜಿ ಆಗಲಿಲ್ಲ. ಅಣ್ಣ ಕೂತಿದ್ದ ಗಣಿತದ ಪೀಠ ತಮ್ಮನಿಗೆ ಸಿಕ್ಕಿತು. ಮುಂದಿನ 42 ವರ್ಷ ಯೋಹಾನ್ ಅದರಲ್ಲೇ ಇದ್ದರು. ಅಣ್ಣ ತೋರಿಸಿದ್ದ ದಾರಿಯಲ್ಲೇ ಹೋಗಿ ಆ ಹಳೆಯ ಮರುಸವಾಲಿಗೆ ಒಳ್ಳೆಯ ಉತ್ತರವನ್ನು 1718ರಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ ಅದನ್ನು ನೋಡಲು ಅಣ್ಣ ಇರಲಿಲ್ಲ.

ಒಬ್ಬ ಗುರುವಾಗಿ ಯೋಹಾನ್ ಅವರಿಗೆ ಸಮಾನರು ಕಡಿಮೆ. ಬಾಸೆಲ್‌ನಲ್ಲಿ ಲಿಯೊನಾರ್ಡ್ ಆಯ್ಲರ್ ಎಂಬ ಹುಡುಗ ಹದಿಮೂರನೇ ವಯಸ್ಸಿನಲ್ಲೇ ವಿಶ್ವವಿದ್ಯಾಲಯ ಸೇರಿದ್ದ. ಯೋಹಾನ್‌ಗೆ ಬಿಡುವಿರಲಿಲ್ಲ. ಕಷ್ಟದ ಪುಸ್ತಕಗಳ ಹೆಸರು ಹೇಳಿ, ತಾನೇ ಓದಿಕೊಂಡು ಅರ್ಥವಾಗದ್ದನ್ನು ಮಾತ್ರ ಶನಿವಾರ ಮಧ್ಯಾಹ್ನ ಬಂದು ಕೇಳಲು ಹೇಳಿದರು. ಆಯ್ಲರ್ ಆದಷ್ಟು ಕಡಿಮೆ ಪ್ರಶ್ನೆ ಕೇಳಬೇಕೆಂದು ವಾರವಿಡೀ ಓದುತ್ತಿದ್ದರು. ಆಯ್ಲರ್ ತಂದೆಗೆ ಮಗ ಪಾದ್ರಿ ಆಗಬೇಕೆಂಬ ಆಸೆ. ಆ ತಂದೆಯನ್ನು ಒಪ್ಪಿಸಿ ಹುಡುಗನನ್ನು ಗಣಿತಕ್ಕೆ ಬಿಡಿಸಿದವರು ಯೋಹಾನ್. ಮುಂದೆ ಆಯ್ಲರ್ ತಮ್ಮನ್ನು ಮೀರಿಸಿದಾಗ ಯೋಹಾನ್ ಹೊಟ್ಟೆಕಿಚ್ಚು ಪಡಲಿಲ್ಲ. ವರ್ಷದಿಂದ ವರ್ಷಕ್ಕೆ ಪತ್ರಗಳಲ್ಲಿ ಅವರಿಗೆ ಕೊಡುವ ಗೌರವ ಹೆಚ್ಚುತ್ತಾ ಹೋಯಿತು.

ಆದರೆ ಮನೆಯೊಳಗೆ ಬೇರೆಯೇ ಕಥೆ. ಯೋಹಾನ್ ಅವರ ಮಗ ಡ್ಯಾನಿಯಲ್ 1700ರಲ್ಲಿ ಗ್ರೋನಿಂಗನ್‌ನಲ್ಲಿ ಹುಟ್ಟಿದರು. ಈ ಮಗನನ್ನು ಯೋಹಾನ್ ಏನು ಮಾಡಲು ಹೊರಟರು ಗೊತ್ತೇ? ವ್ಯಾಪಾರಿ. ಗಣಿತದಲ್ಲಿ ಹಣವಿಲ್ಲ ಎಂಬುದು ಅವರ ಅಭಿಪ್ರಾಯ. ಹದಿನೈದರಲ್ಲಿ ತನ್ನ ಅಪ್ಪನ ಮುಂದೆ ತಾನು ಹೇಗೆ ನಿಂತಿದ್ದೆ ಎಂಬುದು ಅವರಿಗೆ ಮರೆತೇಹೋಯಿತು. ಡ್ಯಾನಿಯಲ್ ಒಪ್ಪಲಿಲ್ಲ. ಕೊನೆಗೆ ಅದೇ ರಾಜಿ ಆಯಿತು, ವೈದ್ಯಕೀಯ ಓದುವುದು. ಡ್ಯಾನಿಯಲ್ ಕೂಡ ಗಣಿತಕ್ಕೇ ಬಂದರು. 1734ರಲ್ಲಿ ಪ್ಯಾರಿಸ್ ಅಕಾಡೆಮಿಯ ಬಹುಮಾನ ಅಪ್ಪ ಮತ್ತು ಮಗ ಇಬ್ಬರಿಗೂ ಸೇರಿ ಬಂತು. ಬೇರೆ ಮನೆಯಲ್ಲಿ ಮಿಠಾಯಿ ಹಂಚುತ್ತಿದ್ದರು. ಯೋಹಾನ್ ಮಗ ತನಗೆ ಸಮ ಎಂಬುದನ್ನು ಸಹಿಸದೆ ಅವರನ್ನು ಮನೆಯಿಂದ ದೂರ ಮಾಡಿದರು.

1738ರಲ್ಲಿ ಡ್ಯಾನಿಯಲ್ ದ್ರವಗಳ ಚಲನೆಯ ಬಗ್ಗೆ ಹೈಡ್ರೋಡೈನಾಮಿಕಾ ಎಂಬ ಪುಸ್ತಕ ಪ್ರಕಟಿಸಿದರು. ಸೈನ್ಸ್ ವಿದ್ಯಾರ್ಥಿಗಳು ಓದುವ ಬರ್ನೌಲಿ ತತ್ವ ಇವರದ್ದು. ಇಷ್ಟೆಲ್ಲ ಆದ ಮೇಲೂ ಆ ಪುಸ್ತಕದ ಮುಖಪುಟದಲ್ಲಿ ತಮ್ಮ ಹೆಸರಿನ ಜೊತೆ ಯೋಹಾನ್ ಅವರ ಮಗ ಎಂದು ಹಾಕಿಕೊಂಡರು. ಕೆಲವು ವರ್ಷಗಳಲ್ಲಿ ಯೋಹಾನ್ ಅದೇ ವಿಷಯದ ಮೇಲೆ ಹೈಡ್ರಾಲಿಕಾ ಎಂಬ ಪುಸ್ತಕ ತಂದರು. ಮಗನ ಪುಸ್ತಕಕ್ಕಿಂತ ಮೊದಲೇ ಬರೆದದ್ದೆಂದು ಕಾಣಲಿ ಎಂದು ಅದಕ್ಕೆ 1732 ಎಂಬ ಹಳೆಯ ವರ್ಷ ಹಾಕಿದರು. ಲೋಪಿತಾಲ್‌ನಿಂದ ತನಗೆ ಆದ ನೋವನ್ನು ಯೋಹಾನ್ ಸ್ವಂತ ಮಗನಿಗೆ ಮಾಡಿದರು. ಇದನ್ನು ಓದಿದಾಗ ನನಗೆ ಪುಸ್ತಕ ಮುಚ್ಚಬೇಕೆನಿಸಿತು.

1742ರಲ್ಲಿ ಅವರ ಎಲ್ಲ ಬರಹಗಳು ನಾಲ್ಕು ಸಂಪುಟಗಳಲ್ಲಿ ಅಚ್ಚಾದವು. ಲೋಪಿತಾಲ್‌ಗೆ ಹೇಳಿಕೊಟ್ಟ ಅನುಕಲನದ ಪಾಠಗಳೂ ಅದರಲ್ಲಿ ಬಂದವು. 1748ರ ಜನವರಿ 1ರಂದು, ಎಂಬತ್ತನೇ ವಯಸ್ಸಿನಲ್ಲಿ, ಯೋಹಾನ್ ಬರ್ನೌಲಿ ಬಾಸೆಲ್‌ನಲ್ಲಿ ತೀರಿಹೋದರು. ಅದೇ 1748ರಲ್ಲಿ ಆಯ್ಲರ್ ಅವರ ಒಂದು ದೊಡ್ಡ ಗ್ರಂಥ ಪ್ರಕಟವಾಯಿತು. ಅದರ ಎರಡನೇ ಅಧ್ಯಾಯದಲ್ಲೇ ಭಿನ್ನರಾಶಿಗಳನ್ನು ಹಿಸ್ಸೆ ಮಾಡುವ ಕ್ರಮ ಇದೆ. ಗುರು ಹೋದರು, ಲೆಕ್ಕ ಶಿಷ್ಯನ ಕೈಯಿಂದ ಮುಂದೆ ನಡೆಯಿತು. ನಮ್ಮ ಪುಸ್ತಕದವರೆಗೂ ಬಂತು.

ಇನ್ನು ಮೊದಲ ಪ್ರಶ್ನೆಯ ಉತ್ತರ. ಕಾಮರ್ಸ್‌ನವರಿಗೆ ಇದು ಯಾಕೆ? ಒಂದು ಹೊಸ ವಸ್ತು ಮಾರುಕಟ್ಟೆಗೆ ಬಂದರೆ ಮೊದಲು ನಿಧಾನವಾಗಿ, ಆಮೇಲೆ ವೇಗವಾಗಿ ಹರಡುತ್ತದೆ. ಕೊಳ್ಳುವವರೆಲ್ಲ ಕೊಂಡ ಮೇಲೆ ಮತ್ತೆ ನಿಧಾನವಾಗುತ್ತದೆ. ಈ ಬೆಳವಣಿಗೆಯ ಸೂತ್ರವನ್ನು ಬೆಲ್ಜಿಯಂನ ವೆರ್‌ಹುಲ್ಸ್ಟ್ 1838ರಲ್ಲಿ ಜನಸಂಖ್ಯೆಗಾಗಿ ಬರೆದರು. ಅದನ್ನು ಬಿಡಿಸುವಾಗ ಛೇದದಲ್ಲಿ ಎರಡು ಅಪವರ್ತನ ಬರುತ್ತದೆ. ಒಂದು ಈಗ ಎಷ್ಟಿದೆ ಎಂಬುದು, ಇನ್ನೊಂದು ಇನ್ನೂ ಎಷ್ಟು ಜಾಗ ಉಳಿದಿದೆ ಎಂಬುದು. ಎರಡು ಹಿಸ್ಸೆ ಮಾಡದೆ ಆ ಅನುಕಲನ ಮುಂದೆ ಹೋಗುವುದಿಲ್ಲ.

ಕೊನೆಗೆ ನನ್ನದೊಂದು ಲೆಕ್ಕ ಬಾಕಿ ಇದೆ. ಮೇಲೆ ಕೊಟ್ಟ 5ಎಕ್ಸ್ + 7 ಉದಾಹರಣೆ ನನ್ನದಲ್ಲ. ನಮ್ಮ ಆಪಾ ಒಂದು ರಾತ್ರಿ ಅಂಗಡಿಯ ಬಿಲ್ ಹಾಳೆಯ ಹಿಂಭಾಗದಲ್ಲಿ ಬರೆದು, ಬೆರಳಿನಿಂದ ಅಪವರ್ತನ ಮುಚ್ಚಿ ತೋರಿಸಿದ್ದು. ಅವಳು ಪಿಯುಸಿಯಲ್ಲಿ ಸೈನ್ಸ್ ಓದಿದವಳು. ಅಬ್ಬಾ ಅವರ ಆರೋಗ್ಯ ಕೆಟ್ಟ ಮೇಲೆ ಮುಂದೆ ಓದಲಿಲ್ಲ, ಈಗ ಗಲ್ಲಾ ಪೆಟ್ಟಿಗೆಯ ಹಿಂದೆ ಅವಳೇ ಕೂರುತ್ತಾಳೆ. ಕಿರುಪರೀಕ್ಷೆಯಲ್ಲಿ ಈ ಪಾಠಕ್ಕೆ ನನಗೆ ಪೂರ್ತಿ ಅಂಕ ಬಂದಾಗ ತರಗತಿಯಲ್ಲಿ ಚಪ್ಪಾಳೆ ಹೊಡೆಸಿದರು. ಹೇಗೆ ಕಲಿತೆ ಎಂದು ಕೇಳಿದ್ದಕ್ಕೆ ನಾನೇ ಓದಿಕೊಂಡೆ ಎಂದುಬಿಟ್ಟೆ. ಮನೆಗೆ ಹೋಗಿ ಅಂಕ ಹೇಳಿದೆ, ಈ ಮಾತು ಹೇಳಲಿಲ್ಲ. ಯೋಹಾನ್ ಬರ್ನೌಲಿ ಜಗತ್ತಿಗೆ ಹಿಸ್ಸೆ ಮಾಡುವುದನ್ನು ಕಲಿಸಿದರು, ಆದರೆ ಅಣ್ಣನ ಹಿಸ್ಸೆ, ಮಗನ ಹಿಸ್ಸೆ ಕೊಡಲು ಅವರಿಂದ ಆಗಲಿಲ್ಲ. ಎಂಬತ್ತು ವರ್ಷ ಬದುಕಿದರೂ ಆಗಲಿಲ್ಲ. ನನಗೆ ಇನ್ನೂ ಹದಿನೇಳು. ಈ ಸಂಚಿಕೆ ಮನೆಗೆ ಹೋಗುತ್ತದೆ, ಆಪಾ ಓದುತ್ತಾಳೆ.

ಗೆಳೆಯ ಗೆಳತಿಯರೇ, ನಿಮಗೂ ಒಂದು ಲೆಕ್ಕ. (7ಎಕ್ಸ್ + 1) ಎಂಬುದನ್ನು (ಎಕ್ಸ್ − 1)(ಎಕ್ಸ್ + 3) ಎಂಬುದರಿಂದ ಭಾಗಿಸಿದೆ. ಎರಡು ಹಿಸ್ಸೆ ಮಾಡಿ ಅನುಕಲಿಸಿ, ಮುಂದಿನ ಸಂಚಿಕೆಯೊಳಗೆ ಉತ್ತರವನ್ನು ನೋಟಿಸ್ ಬೋರ್ಡಿನ ಪಕ್ಕದ ಪೆಟ್ಟಿಗೆಗೆ ಹಾಕಿ. ಹಾಳೆಯ ಕೆಳಗೆ ನಿಮ್ಮ ಹೆಸರಿನ ಜೊತೆ, ಈ ಲೆಕ್ಕ ನಿಮಗೆ ಕಲಿಸಿದವರ ಹೆಸರನ್ನೂ ಬರೆಯಿರಿ.